ಬದುಕಿರುವವನ ಹೆಸರು

ಮೊಮ್ಮಗ ಹುಟ್ಟಿದ ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ. ಹತ್ತು ಗಂಟೆಯೊಳಗೆ ರಹಾಮಿಮ್ ಅದನ್ನು ಇಡೀ ಕೇರಿಗೆ ಸಾರಿಯಾಗಿತ್ತು. ತಲೆಗೂದಲಿನಲ್ಲಿ ಕಲ್ಲಿನ ಪುಡಿ ಇದ್ದಂತೆಯೇ ಕೆಲಸ ಬಿಟ್ಟು ಓಡಿಬಂದು, ಕುರ್ದಿ ಯಹೂದಿಗಳ ಪ್ರಾರ್ಥನಾಲಯದ ಬಾಗಿಲಲ್ಲಿ ನಿಂತು, "ಬಂದ ಕಣ್ರಯ್ಯಾ, ಇನ್ನೊಬ್ಬ ರಹಾಮಿಮ್ ಬಂದ!" ಎಂದು ಕೂಗಿದ. ಒಳಗಿದ್ದ ಮುದುಕರು ಎದ್ದುಬಂದು ಅವನ ಬೆನ್ನು ತಟ್ಟಿದರು. ಎಂಟನೆಯ ದಿನ ಸುನ್ನತಿಯಾಗಿ ಹೆಸರು ಕರೆಯುವ ತನಕ ಅದನ್ನು ಬಾಯಿಬಿಡಬಾರದು ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಇದರಲ್ಲಿ ಗುಟ್ಟೇನು ಬಂತು? ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಆ ಅಜ್ಜ ಬದುಕಿದ್ದರೆ ಇನ್ನೂ ಒಳ್ಳೆಯದು, ಅವನ ಆಯುಸ್ಸು ಗಟ್ಟಿಯಾಗುತ್ತದೆ. ಅವನು ಹುಟ್ಟಿದ ಇರಾಕಿನ ಝಾಖೋದಲ್ಲಿ ಹಾಗೇ ನಡೆಯುತ್ತಿತ್ತು, ಜೆರುಸಲೇಮಿನ ಈ ಕೇರಿಯಲ್ಲೂ ಹಾಗೇ.

ಆ ಹೆಸರಿಗಾಗಿ ಅವನು ಅಷ್ಟು ಕುಣಿದದ್ದಕ್ಕೆ ಕಾರಣವಿತ್ತು. ರಹಾಮಿಮ್ ಎಂದರೆ ಕರುಣೆ. ಹೀಬ್ರೂವಿನಲ್ಲಿ ಗರ್ಭಕ್ಕಿರುವ ಪದವೂ ಈ ಪದವೂ ಒಂದೇ ಬೇರಿನವು; ಹೊಟ್ಟೆಯಲ್ಲಿ ಹೊತ್ತವಳಿಗೆ ಇರುವಂಥ ಕರುಣೆ ಅದು. ಅವನ ತಾಯಿ ಮೂರು ಗಂಡುಮಕ್ಕಳನ್ನು ಮಣ್ಣಿಗಿಟ್ಟಿದ್ದಳು. ನಾಲ್ಕನೆಯವನು ಹುಟ್ಟಿದಾಗ ಅವಳು ದೇವರ ಹತ್ತಿರ ಹೆಚ್ಚು ಮಾತಾಡಲಿಲ್ಲ. ಮಗುವಿಗೆ ಆ ಹೆಸರಿಟ್ಟಳು. ಆಮೇಲೆ ಅವನನ್ನು ಊಟಕ್ಕೆ ಕರೆದಾಗ, ಬೈದಾಗ, ಬೀದಿಯಿಂದ ಎಳೆದುತಂದಾಗ, ಪ್ರತಿ ಸಲವೂ ಅದು ಬೇಡಿಕೆಯೇ ಆಗಿತ್ತು. ಮಗು ಉಳಿಯಿತು.

ಐದು ವರ್ಷದವನಾಗಿದ್ದಾಗ ಅವರೆಲ್ಲ ವಿಮಾನ ಹತ್ತಿ ಈ ದೇಶಕ್ಕೆ ಬಂದರು. ವಲಸೆ ಬಂದವರಿಗೆಂದು ಹಾಕಿದ ತಗಡಿನ ಗುಡಿಸಲುಗಳ ಸಾಲಿನಲ್ಲಿ ವಾಸ, ಅಲ್ಲೇ ಒಂದು ಗುಡಾರದಲ್ಲಿ ಶಾಲೆ. ತರಗತಿಯಲ್ಲಿ ಐದು ಜನ ರಹಾಮಿಮ್‌ಗಳಿದ್ದರು. ಹೊಸದಾಗಿ ಬಂದ ಶಿಕ್ಷಕಿ ಹಾಜರಿ ಪುಸ್ತಕ ತೆರೆದು, ಮೂಗು ಮುರಿದು, ಒಂದೇ ಬೆಳಿಗ್ಗೆ ಐವರನ್ನೂ ಮುಗಿಸಿಬಿಟ್ಟಳು. "ಇದು ಹಳೇ ಕಾಲದ ಹೆಸರು. ನೀನು ಇವತ್ತಿಂದ ರಾಮಿ. ನೀನು ರನಾನ್. ನೀನು ಗಿಲ್." ಹೀಬ್ರೂ ಹೆಸರನ್ನು ತೆಗೆದುಹಾಕಿ ಹೀಬ್ರೂ ಹೆಸರನ್ನೇ ಕೊಟ್ಟಳು! ಮೂರು ಮಕ್ಕಳನ್ನು ಹೂಳಿ ಪಡೆದ ಹೆಸರನ್ನು ಸೀಮೆಸುಣ್ಣ ಒರೆಸಿದಷ್ಟು ಸಲೀಸಾಗಿ ಒರೆಸಲು ಅವಳಿಗೆ ಅಧಿಕಾರ ಕೊಟ್ಟವರು ಯಾರು? ಯಾರೂ ಕೇಳಲಿಲ್ಲ. ಕೇಳಲು ಬೇಕಾದ ಭಾಷೆಯೇ ಆಗ ಯಾರ ಬಾಯಲ್ಲೂ ಇರಲಿಲ್ಲ.

ಆಮೇಲೆ ರೇಡಿಯೋ ಬಂತು. ನಗೆನಾಟಕದಲ್ಲಿ ನೆಲ ಒರೆಸುವವನು ರಹಾಮಿಮ್, ಲೆಕ್ಕ ಬಾರದವನು ರಹಾಮಿಮ್, ಬಸ್ಸಿನ ಬಾಗಿಲು ಗೊತ್ತಾಗದೆ ಕಿಟಕಿಯಿಂದ ಹತ್ತುವವನೂ ರಹಾಮಿಮ್. ದೇಶವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಲ್ಲು ಕೆತ್ತುವ ಕೆಲಸಕ್ಕೆ ಸೇರಿದಾಗ ಅವನೇ ತನ್ನ ಬಾಯಿಂದ "ರಾಮಿ" ಎಂದು ಬರೆಸಿದ. ಮದುವೆಯ ಕಾಗದದಲ್ಲೂ ಅದೇ. ನಲವತ್ತು ದಾಟಿದ ಮೇಲೆ ಒಂದು ದಿನ, ಕಟ್ಟಡದ ಮೇಲೆ ಕೆಲಸ ಮಾಡುತ್ತಿದ್ದಾಗ, ಮೇಸ್ತ್ರಿಯೊಬ್ಬ ಕಸ ಗುಡಿಸುವವನಿಗೆ "ಏಯ್ ರಹಾಮಿಮ್, ಇಲ್ಲಿ ಬಾರೋ" ಎಂದ. ಗುಡಿಸುವವನ ಹೆಸರು ಬೇರೆ ಏನೋ. ಸುತ್ತಲಿದ್ದವರು ನಕ್ಕರು. ರಾಮಿ ಸುತ್ತಿಗೆ ಕೆಳಗಿಟ್ಟ. "ರಹಾಮಿಮ್ ಅಂದ್ರೆ ನಾನು. ಇನ್ಮೇಲೆ ರಾಮಿ ಅಂತ ಕರೆದೋರಿಗೆ ನಾನು ಓ ಅನ್ನಲ್ಲ," ಎಂದ. ಒಂದು ವಾರ ನಿಜವಾಗಿಯೂ ಅನ್ನಲಿಲ್ಲ. ಮೇಲಿನಿಂದ ಹಲಗೆ ಜಾರಿ ಬೀಳುವಾಗ "ರಾಮಿ!" ಎಂದು ಕಿರುಚಿದರೂ ತಲೆಯೆತ್ತಲಿಲ್ಲ. ಹಲಗೆ ಅವನ ಎಡಹೆಗಲಿಗೆ ಬಿತ್ತು. ಆ ನೋವು ಈಗಲೂ ಚಳಿಗಾಲದಲ್ಲಿ ಅವನನ್ನು ಮಾತಾಡಿಸಿಕೊಂಡು ಹೋಗುತ್ತದೆ.

ಅಷ್ಟು ಹೊತ್ತಿಗೆ ಹೆಸರು ಬೀದಿಯಿಂದಲೇ ಮಾಯವಾಗಿತ್ತು. ಅರವತ್ತು ತುಂಬಿದ ವರ್ಷ ಆಸ್ಪತ್ರೆಗೆ ಹೋದಾಗ ಚೀಟಿ ಬರೆಯುವ ಹುಡುಗಿ, "ರಹಾಮಿಮ್ ಅನ್ನೋರು ನಮ್ಮಲ್ಲಿ ಇನ್ನೂ ಕೆಲವರಿದಾರೆ ಅಂಕಲ್, ಎಲ್ಲಾ ನಿಮ್ಮ ವಯಸ್ಸಿನೋರೇ," ಎಂದು ಮುದ್ದಾಗಿ ಹೇಳಿದಳು. ಅವನಿಗೆ ಅದು ಮುದ್ದಾಗಿ ಕೇಳಿಸಲಿಲ್ಲ. ಮಕ್ಕಳ ಬಾಯಲ್ಲಿ ಆ ಹೆಸರು ಮತ್ತೆ ಕೇಳಬೇಕಾದರೆ ಉಳಿದಿದ್ದ ದಾರಿ ಒಂದೇ, ತನ್ನ ಮೊದಲ ಮಗ ಎರೆಜ್‌ಗೆ ಹುಟ್ಟುವ ಮಗ.

ಗುರುವಾರ ಮಧ್ಯಾಹ್ನ ಮಗ ಎರೆಜ್ ಬಂದ, ಜೊತೆಗೆ ತನ್ನ ಅತ್ತೆ ತ್ಸಿಲಾಳನ್ನೂ ಕರೆತಂದ. ತ್ಸಿಲಾಳ ಹಿರಿಯರು ಪೋಲೆಂಡಿನ ಕಡೆಯವರು. ಸೊಸೆ ಇನ್ಬಾಲ್ ಇನ್ನೂ ಆಸ್ಪತ್ರೆಯಲ್ಲಿದ್ದಳು. ರಹಾಮಿಮ್‌ನ ಹೆಂಡತಿ ಹಾತುನ್ ಹುಳಿ ಸಾರಿನಲ್ಲಿ ಬೇಯಿಸಿದ ಮಾಂಸದ ಕುಬ್ಬೆ ಉಂಡೆಗಳನ್ನು ಬಡಿಸಿದಳು. ಎರಡು ಉಂಡೆ ಮುಗಿಯುವ ತನಕ ಎಲ್ಲ ಚೆನ್ನಾಗಿತ್ತು.

"ಬೀಗರೇ, ನೀವು ತಪ್ಪು ತಿಳ್ಕೋಬಾರ್ದು," ಎಂದು ತ್ಸಿಲಾ ಚಮಚ ಕೆಳಗಿಟ್ಟಳು. "ಬದುಕಿರೋರ ಹೆಸರು ಮಗೂಗೆ ಇಡೋದು ನಮ್ಮಲ್ಲಿಲ್ಲ. ಸಾವಿನ ದೂತ ಒಬ್ಬರನ್ನ ಹುಡುಕ್ಕೊಂಡು ಬಂದು ಇನ್ನೊಬ್ಬರನ್ನ ಕರ್ಕೊಂಡು ಹೋಗ್ತಾನೆ ಅಂತಾರೆ."

"ಅವನಿಗೇನು ಕಣ್ಣು ಕುರುಡಾ? ಅರವತ್ತು ವರ್ಷದೋನು ಯಾರು, ಎರಡು ದಿನದೋನು ಯಾರು ಅಂತ ಗೊತ್ತಾಗಲ್ವಾ?"

ಹಾತುನ್‌ಗೆ ನಗು ಬಂತು. ಗಂಡನ ಮುಖ ನೋಡಿ ಅದನ್ನು ತಲೆವಸ್ತ್ರದ ಅಂಚಿಗೆ ಒರೆಸಿಕೊಂಡಳು.

"ಇನ್ನೊಂದು ವಿಷ್ಯ," ತ್ಸಿಲಾ ಮೆಲ್ಲಗೆ ಹೇಳಿದಳು. "ನಮ್ಮಲ್ಲಿ ರಹಾಮಿಮ್ ಅನ್ನೋ ಮಾತು ಕಿವಿಗೆ ಬೀಳೋದೇ ಗೋರಿ ಹತ್ರ. ಹೂಳೋವಾಗ ಹಾಡೋ ಪ್ರಾರ್ಥನೇಲಿ ಬರುತ್ತೆ."

"ಹಾಗಾದ್ರೆ ನನ್ ಹೆಸರು ಹೆಣದ ಹಾಡು!"

"ಅಯ್ಯೋ, ಹಾಗಲ್ಲ. ನೀವು ನೂರಿಪ್ಪತ್ತು ವರ್ಷ ಬಾಳಿ. ಆಮೇಲೆ ಮುಂದೆ ಹುಟ್ಟೋ ಯಾವ್ದಾದ್ರೂ ಮಗೂಗೆ ಇಟ್ರಾಯ್ತು."

ರಹಾಮಿಮ್ ಬಟ್ಟಲನ್ನು ದೂಡಿದ. ಕೆಂಪು ಸಾರು ಮೇಜಿನ ಮೇಲೆ ಚೆಲ್ಲಿತು. "ಅಂದ್ರೆ ನಾನು ಸತ್ರೆ ನನ್ ಹೆಸರು ಒಳ್ಳೇದು, ಬದುಕಿದ್ರೆ ಕೆಟ್ಟದ್ದು. ಭೇಷ್! ಬೇಗ ಸಾಯ್ತೀನಿ, ನಿಮಗೆ ಅನುಕೂಲ ಆಗ್ಲಿ." ಮಗನ ಕಡೆ ತಿರುಗಿದ. "ನೀನ್ಯಾಕೋ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ?"

"ಇನ್ಬಾಲ್‌ಗೆ ಭಯ ಅಪ್ಪ."

"ಭಯಾನೋ ನಾಚಿಕೇನೋ? ಸರಿಯಾಗಿ ಹೇಳು."

ಎರೆಜ್ ಚೆಲ್ಲಿದ ಸಾರನ್ನು ಒರೆಸುತ್ತ, "ಎರಡೂ ಇರಬಹುದು," ಎಂದ.

"ಅಪ್ಪನ ಹೆಸರಿಗೆ ನಾಚ್ಕೊಳ್ಳೋನು ನೀನೊಬ್ಬ ಮಗ!"

"ನನಗೆ ಎರೆಜ್ ಅಂತ ಯಾಕಿಟ್ಟೆ ಅಪ್ಪ?"

ಎರೆಜ್ ದನಿ ಏರಿಸಲಿಲ್ಲ. "ನಾನು ನಿನ್ನ ಮೊದಲನೇ ಮಗ. ತಾತ ಆಗ ಬದುಕಿದ್ರು. ನಿನ್ನ ಪದ್ಧತಿ ಪ್ರಕಾರ ನಾನು ನಹೂಮ್ ಆಗ್ಬೇಕಿತ್ತು. ನನ್ನ ಯಾಕೆ ಮರದ ಹೆಸರಲ್ಲಿ ಕರೆದೆ?"

"ಆಗಿನ ಕಾಲಾನೇ ಬೇರೆ ಕಣೋ. ಎಲ್ಲರೂ ಮರ, ಬೆಟ್ಟ, ಅಲೆ ಅಂತ ಇಡ್ತಿದ್ರು. ಸ್ಕೂಲಲ್ಲಿ ನಿನ್ನನ್ನ ಯಾರೂ ಆಡ್ಕೋಬಾರ್ದು ಅಂತ..."

"ನಂಗೂ ಅಷ್ಟೇ ಅಪ್ಪ," ಎಂದು ಎರೆಜ್ ಎದ್ದ.

ಅಂದಿನಿಂದ ರಹಾಮಿಮ್ ಉರಿದುಬಿದ್ದ. ಬಸ್ಸಿನ ಚಾಲಕನನ್ನು ಬೈದ, ಬಿರುಕುಬಿಟ್ಟ ಕಲ್ಲನ್ನು ಬೈದ, ಬಿರುಕಿಲ್ಲದ ಕಲ್ಲನ್ನೂ ಬೈದ. ಪ್ರಾರ್ಥನಾಲಯದ ಮುದುಕ ಶಬ್ತಾಯ್ "ನಮ್ಮ ಚಿಕ್ಕ ರಹಾಮಿಮ್ ಹೇಗಿದಾನೆ?" ಎಂದು ಕೇಳಿದರೆ, "ಚೆನ್ನಾಗಿದಾನೆ," ಎಂದು ನಿಜ ನುಂಗಿಕೊಂಡು ಸರಸರನೆ ನಡೆದ. ಮಗನ ಮೇಲೆ ಕೋಪ, ಬೀಗಿತ್ತಿಯ ಮೇಲೆ ಕೋಪ, ಎಂದೋ ಸತ್ತಿರಬಹುದಾದ ಶಿಕ್ಷಕಿಯ ಮೇಲೂ ಕೋಪ. ಮಗ ಕೇಳಿದ ಪ್ರಶ್ನೆಯ ಹತ್ತಿರ ಮಾತ್ರ ಅವನು ಸುಳಿಯುತ್ತಿರಲಿಲ್ಲ.

"ನಾನು ಸುನ್ನತಿಗೆ ಬರಲ್ಲ," ಎಂದ ಹಾತುನ್‌ಗೆ.

"ಬರಬೇಡಿ ಬಿಡ್ರೀ. ಮಗೂನ ತೊಡೆ ಮೇಲೆ ಮಲಗಿಸ್ಕೊಳ್ಳಕ್ಕೆ ತ್ಸಿಲಾ ಗಂಡ ಇದಾರಲ್ಲ."

ಮಂಗಳವಾರ ಎಲ್ಲರಿಗಿಂತ ಮೊದಲು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತವನು ಅವನೇ.

ಸುನ್ನತಿಯ ವೇಳೆ ಮಗುವನ್ನು ಹಿಡಿಯುವ ಹಿರಿಯನ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ದಿಂಬಿನ ಮೇಲೆ ಮಗುವನ್ನು ಇಟ್ಟರು. ಕೆಂಪು ಮುಖ, ಮುಷ್ಟಿ ಕಟ್ಟಿದ ಕೈ. ಅವನು ಆ ಮಗುವಿನ ಮೇಲೂ ಕೋಪ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಕೆಲಸ ಕ್ಷಣದಲ್ಲಿ ಮುಗಿಯಿತು. ಮಗು ಚೀರಿತು, ದ್ರಾಕ್ಷಾರಸದ ಹನಿ ನಾಲಿಗೆಗೆ ತಾಕಿದಾಗ ಚಪ್ಪರಿಸಿತು. ಸುನ್ನತಿ ಮಾಡಿದವರು ಆಶೀರ್ವಾದ ಶುರುಮಾಡಿ, "ಇಸ್ರೇಲಿನಲ್ಲಿ ಇವನ ಹೆಸರು..." ಎಂದು ನಿಲ್ಲಿಸಿ ಎರೆಜ್‌ನ ಬಾಯಿಗೆ ಕಿವಿ ಕೊಟ್ಟರು. ಎರೆಜ್ ಪಿಸುಗುಟ್ಟಿದ.

"ಎರೆಜ್‌ನ ಮಗ ನಹೂಮ್ ಎಂದು ಕರೆಯಲ್ಪಡಲಿ!"

"ಆಮೆನ್!" ಎಂದು ಜನ ಕೂಗಿದರು. ಹೆಂಗಸರು ಸಂಭ್ರಮಕ್ಕೆ ನಾಲಿಗೆಯಾಡಿಸಿ ಉಲಿದರು. ತ್ಸಿಲಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕಡೆಯಲ್ಲೂ ಯಾರೋ ಒಬ್ಬ ನಹೂಮ್ ಸತ್ತಿದ್ದನಂತೆ. ಎರಡೂ ಮನೆಯವರಿಗೆ ಒಪ್ಪಿಗೆಯಾಗುವ ಸತ್ತವನ ಹೆಸರು. ರಹಾಮಿಮ್ ಒಬ್ಬನನ್ನೇ ದಾಟಿಕೊಂಡು ಹೋಗಿದ್ದ ಹೆಸರು.

ಮೂವತ್ತೆರಡು ವರ್ಷದ ಹಿಂದೆ ಇಂಥದೇ ಕುರ್ಚಿಯಲ್ಲಿ ಅವನ ಅಪ್ಪ ಕೂತಿದ್ದ, ತೊಡೆಯ ಮೇಲೆ ಎರೆಜ್. ತನ್ನ ಹೆಸರು ಬರುತ್ತದೆಂದು ಮುದುಕ ಮೊದಲೇ ತಲೆ ತಗ್ಗಿಸಿಕೊಂಡು ಕೂತಿದ್ದ. ಬಂದದ್ದು ಉಚ್ಚರಿಸಲೂ ಬಾರದ ಬೇರೊಂದು ಹೆಸರು. ಆಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವನು ಆ ಮುದುಕನೇ. ಅಪ್ಪನಿಗೆ ಸಂತೋಷವಾಗಿದೆ ಎಂದು ರಹಾಮಿಮ್ ಅಂದುಕೊಂಡಿದ್ದ. ಇಷ್ಟು ವರ್ಷವೂ ಹಾಗೆಯೇ ಅಂದುಕೊಂಡಿದ್ದ, ಅಯೋಗ್ಯ.

"ಆಮೆನ್," ಎಂದ ಈಗ, ಎಲ್ಲರ ಗಲಾಟೆ ಮುಗಿದ ಮೇಲೆ, ಒಬ್ಬನೇ, ಕೂಗಿದ ಹಾಗೆ. ಮಗು ಬೆಚ್ಚಿ ಅಳತೊಡಗಿತು.

ಮುದುಕ ಶಬ್ತಾಯ್ ಹತ್ತಿರ ಬಂದು ಬಗ್ಗಿ, "ರಹಾಮಿಮ್ ಅಂದಿದ್ದೆಯಲ್ಲೋ?" ಎಂದ.

"ರಹಾಮಿಮ್ ನಾನು," ಎಂದು ಅವನು ಗದರಿದ. "ಇವನು ನಮ್ಮಪ್ಪ. ಈ ಮನೆಗೆ ಆವತ್ತೇ ಬರಬೇಕಿತ್ತು, ನಾನೇ ಒಳಗೆ ಬಿಡ್ಲಿಲ್ಲ."