ಸಿದ್ದರಾಜುವಿನ ಮಂಡಿ

ಮೊಮ್ಮಗಳು ಭಾಗ್ಯ ಬಸ್ಸು ಹತ್ತಿ ಹೋಗಿ ಗಂಟೆ ಕಳೆದರೂ ಅವಳ ಚೀಲದಿಂದ ಹಬ್ಬಿದ ನೋವೆಣ್ಣೆಯ ವಾಸನೆ ನಡುಮನೆಯಲ್ಲಿ ಉಳಿದಿದೆ. ನಿಮಗದು ಹಿತವೆನಿಸೀತು, ನನಗೆ ಭಯ ಹುಟ್ಟಿಸುತ್ತದೆ. ವರ್ಷಗಟ್ಟಲೆ ಓದಿ, ಊರೂರ ಶಿಬಿರಗಳಲ್ಲಿ ಕಾಲುಗಳಿಗೆ ಪಟ್ಟಿ ಸುತ್ತಿ ಪಳಗಿದ ಅವಳಿಗೆ ರಾಜ್ಯದ ಮಹಿಳಾ ಕಬಡ್ಡಿ ತಂಡದ ಟ್ರೇನರ್ ಕೆಲಸ ಸಿಕ್ಕಿದೆ. ಗಾಯಗೊಂಡವಳು ಮತ್ತೆ ಅಂಕಣಕ್ಕೆ ಇಳಿಯಬಹುದೇ, ಇಳಿಯಬಾರದೇ ಎಂದು ಹೇಳಬೇಕಾದವಳು ಇನ್ನು ಮೇಲೆ ಇವಳೇ. ಮದ್ದೂರಿನ ನಮ್ಮ ಬೀದಿಯೆಲ್ಲ ಹಿಗ್ಗಿತು. ನಾನು ಮಾತ್ರ ವೈದ್ಯನಾಥಪುರದ ಗುಡಿಯಲ್ಲಿ ವೈದ್ಯನಾಥೇಶ್ವರನ ಮುಂದೆ ನಿಂತು, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಹಿಂತಿರುಗಿದ್ದೆ.

ಒಂದು ಕಾಲಕ್ಕೆ ನಾನೂ ಆ ಕೆಲಸ ಮಾಡಿದವನೇ, ಅದರ ಓದು ಒಂದಿಷ್ಟೂ ಇಲ್ಲದೆ. ಕಿರುಗಾವಲಿನಲ್ಲಿ ಕನ್ನಡ ಪಂಡಿತನಾಗಿದ್ದಾಗ, ತಂದೆಯಿಂದ ಬಂದ ಒಂದು ಎಣ್ಣೆ ಮತ್ತು ನಾಲ್ಕು ಶ್ಲೋಕಗಳ ಬಲದಿಂದ ಊರಿನ ಕಬಡ್ಡಿ ತಂಡಕ್ಕೆ ವೈದ್ಯನೆನಿಸಿಕೊಂಡಿದ್ದೆ. ಛಂದಸ್ಸು ಬಲ್ಲವನಿಗೆ ಮೂಳೆಯ ಕೀಲೂ ತಿಳಿದಿರುತ್ತದೆಂದು ಊರು ನಂಬಿತ್ತು. ನಾಚಿಕೆಯ ಸಂಗತಿಯೆಂದರೆ, ನಾನೂ ನಂಬಿದ್ದೆ.

ಮಳವಳ್ಳಿಯ ಅಂತಿಮ ಪಂದ್ಯದಲ್ಲಿ ನಮ್ಮ ತಂಡದ ಸಿದ್ದರಾಜುವಿನ ಮಂಡಿ ತಿರುಚಿತು. ಸುತ್ತಲೂ ಕೂಗು: "ಎಣ್ಣೆ ಆಕಿ ಕಳ್ಸಿ ಮೇಷ್ಟ್ರೇ, ಎಲ್ಡೇ ನಿಮ್ಸ ಇರಾದು!" "ಏಳ್ಲಾ ಸಿದ್ದ, ಮೇಷ್ಟ್ರು ಕೈ ಬಿದ್ಮೇಲೆ ಇನ್ನೇನ್ಲಾ ನೋವು!" ಸಿದ್ದರಾಜು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಎಣ್ಣೆ ಸವರಿ, ಶ್ಲೋಕ ಹೇಳಿ, ಬೆನ್ನು ತಟ್ಟಿ ಕಳುಹಿಸಿದೆ. ನಾವು ಗೆದ್ದೆವು. ಮತ್ತೆಂದೂ ಅವನಿಗೆ ಆ ಮಂಡಿ ಮಡಿಸಿ ಊಟದ ಪಂಕ್ತಿಯಲ್ಲಿ ಕೂರಲಾಗಲಿಲ್ಲ.

ಇದನ್ನು ಭಾಗ್ಯಳಿಗೆ ಹೇಳುವ ಧೈರ್ಯ ಮೊನ್ನೆಯವರೆಗೂ ಬಂದಿರಲಿಲ್ಲ. ಹೇಳಿದಾಗ, "ಮೊದ್ಲೇ ಹೇಳ್ಬಾರ್ದಿತ್ತಾ ತಾತ? ನಡೀರಿ, ನೋಡ್ಕಂಡ್ ಬರಾಣ" ಎಂದು ಕಿರುಗಾವಲಿಗೆ ಹೊರಡಿಸಿಯೇಬಿಟ್ಟಳು.

ಸಿದ್ದರಾಜು ಜಗಲಿಯಲ್ಲಿ ಕಾಲು ನೀಡಿಕೊಂಡು ಕುಳಿತಿದ್ದ. ಅವಳು ಮಂಡಿ ಒತ್ತಿ ನೋಡಿದಾಗ, "ನಿಮ್ ತಾತಂಗಿಂತ ನಿನ್ ಕೈಯೇ ಗಟ್ಟಿ ಕಣವ್ವ" ಎಂದು ನಕ್ಕ. ಬಳಿಕ ನನ್ನತ್ತ ತಿರುಗಿದ. "ಕಾಲು ಓಯ್ತದೆ ಅಂತ ಅವತ್ತೇ ಗೊತ್ತಿತ್ತು ಮೇಷ್ಟ್ರೇ. ಅಷ್ಟು ಜನದ್ ಮುಂದೆ ನಾನೆಂಗೆ ಆಗಕಿಲ್ಲ ಅನ್ಲಿ? ನೀವು ಬ್ಯಾಡ ಅಂತೀರೇನೋ ಅಂತ ಕಾಯ್ತಿದ್ದೆ."

ಹಿಂತಿರುಗುವಾಗ ಬಸ್ಸಿನಲ್ಲಿ ಭಾಗ್ಯ, "ನಂಗೂ ಹಂಗೇ ಕೂಗ್ತಾರೆ, ಅಲ್ವಾ ತಾತ?" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಈ ಮುಂಜಾನೆ ಹೊರಡುವಾಗ ಕಾಲಿಗೆರಗಿದಳು. ಅಭ್ಯಾಸದ 'ಜಯವಾಗಲಿ' ನಾಲಿಗೆಯವರೆಗೂ ಬಂತು, ನುಂಗಿಕೊಂಡೆ. "ಬಿದ್ದವಳ ಮುಖ ನೋಡು, ಮಗಳೇ. ಕೂಗುವವರ ಕಡೆ ನೋಡಬೇಡ" ಎಂದೆ.

ಭಯ ಹೋಗಿಲ್ಲ. ಆದರೆ ಸಂಜೆ ವೈದ್ಯನಾಥಪುರಕ್ಕೆ ಹೋದರೆ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ, ಬೇಡಿಕೊಳ್ಳಬೇಕಾದದ್ದು ತಿಳಿದಿದೆ. ಸ್ವಾಮಿ, ನನ್ನ ಬಾಯಿಗೆ ಅಂದು ಬಾರದ ಆ ಒಂದು ಮಾತನ್ನು ಅವಳ ಬಾಯಿಗೆ ಕೊಡು.