ಗೌರಜ್ಜಿಯ ಐದನೇ ಬೆರಳು

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹತ್ತಿರ ನಾಗರಾಜನ ಫ್ಲೆಕ್ಸ್ ಅಂಗಡಿ ಇದೆ. ಕೆಳಗಡೆ ಬ್ಯಾನರು, ಲಗ್ನಪತ್ರಿಕೆ, ನಾಮಕರಣದ ವಿಡಿಯೋ. ಮಹಡಿಯ ಮೇಲಿನ ಪುಟ್ಟ ರೂಮಿನಲ್ಲಿ ಎರಡು ಕಂಪ್ಯೂಟರು, ಒಂದು ಮೈಕು. ಅಲ್ಲಿ ಕೂತು ಭಾನುಪ್ರಿಯ ಮಕ್ಕಳಿಗೆ ಕಾರ್ಟೂನ್ ಕತೆ ಮಾಡುತ್ತಾಳೆ. ನಾಗರಾಜನ ಯೂಟ್ಯೂಬ್ ಚಾನಲ್ಲಿಗೆ ಅವು ಹೋಗುತ್ತವೆ.

ಭಾನುಪ್ರಿಯಳಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಬಿ.ಕಾಂ ಓದಿ, ಲಗ್ನಪತ್ರಿಕೆ ಟೈಪ್ ಮಾಡಲು ಅಂಗಡಿಗೆ ಸೇರಿದವಳು. ಅವಳ ಕತೆಗಳಲ್ಲಿ ಬರುವ ಗೌರಜ್ಜಿ ಅವಳು ಬರೆದವಳಲ್ಲ, ಇಂಟರ್ನೆಟ್ಟಿನಲ್ಲಿ ಕೊಂಡು ತಂದವಳು. ರೆಡಿಮೇಡ್ ಗೊಂಬೆ. ತಲೆ, ತೋಳು, ಮೊಣಕೈ, ಬಾಯಿ ಎಲ್ಲಾ ಬೇರೆ ಬೇರೆ ತುಂಡಾಗಿ ಬಂದು, ಪ್ರೋಗ್ರಾಮಿನೊಳಗೆ ಕೀಲು ಹಾಕಿಯೇ ಇರುತ್ತದೆ. ಸೀರೆಗೆ ಬಣ್ಣ ಬದಲಿಸಿ, ಹಣೆಗೆ ಕುಂಕುಮ ಇಟ್ಟು, ದನಿ ಹಾಕಿದರೆ ಬಾಯಿ ತಾನಾಗಿ ಆಡುತ್ತದೆ. ಈ ಕಡೆ ಮಂದಿಗೆ ಒಂದು ಭಾಷೆ ಸಾಲದು. ಹಾಗಾಗಿ ಪ್ರತಿ ಕತೆಯನ್ನೂ ಮೂರು ಸಲ ಬಿಡುತ್ತಾರೆ. ಕನ್ನಡಕ್ಕೂ ತೆಲುಗಿಗೂ ಭಾನುಪ್ರಿಯಳದೇ ದನಿ. ತಮಿಳಿಗೆ ಹತ್ತಿರದ ಊರಿಗಾಂನಿಂದ ಗಂಗರತ್ನಮ್ಮ ಎಂಬ ಹೆಂಗಸು ಬಂದು ಹೇಳಿ, ಟೀ ಕುಡಿದು ಹೋಗುತ್ತಾಳೆ.

ಭಾನುಪ್ರಿಯಳ ಮನೆ ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ. ಗಂಡ ಸಾಯಿಕುಮಾರ್ ಬೆಳಗಿನ ರೈಲು ಹಿಡಿದು ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ. ಮನೆಯ ಹಸುಗಳೆಲ್ಲ ಅತ್ತೆ ದೊಡ್ಡಮುನಿಯಮ್ಮ ಮತ್ತು ನಾದಿನಿ ಅಂಬಿಕಳ ಪಾಲಿಗೆ. ಅಂಬಿಕ ಹುಟ್ಟಾ ಕಿವುಡಿ. ಕೋಲಾರದ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಏಳನೇ ಕ್ಲಾಸಿನವರೆಗೆ ಓದಿದ್ದಳು. ಸನ್ನೆ ಭಾಷೆ ಅವಳಿಗೆ ನೀರು ಕುಡಿದಷ್ಟು ಸುಲಭ, ಆದರೆ ಮನೆಯಲ್ಲಿ ಅದು ಯಾರಿಗೂ ಬರದು. ದೊಡ್ಡಮುನಿಯಮ್ಮ ಮಗಳ ಜೊತೆ ಆಡುತ್ತಿದ್ದದ್ದೆಲ್ಲ ಬಾ, ತಿನ್ನು, ಹಾಲು ಕರಿ, ಹುಲ್ಲು ಹಾಕು, ಇಷ್ಟೇ. ಬೀದಿಯಲ್ಲಿ ಅಂಬಿಕ ಕೈಯಾಡಿಸಿದರೆ, "ಸುಮ್ಕಿರು, ಜನ ನೋಡ್ತವ್ರೆ" ಎಂದು ಮಣಿಕಟ್ಟು ಹಿಡಿಯುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಕಲಿತದ್ದು ಭಾನುಪ್ರಿಯ ಒಬ್ಬಳೇ. ಇಬ್ಬರೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು, ಬೇಗ ಒಗ್ಗಿಕೊಂಡರು.

ಒಂದು ಭಾನುವಾರ ಜಗಲಿಯಲ್ಲಿ ಕೂತು ಅಂಬಿಕ ಫೋನಿನಲ್ಲಿ ಗೌರಜ್ಜಿಯ ಕತೆ ನೋಡುತ್ತಿದ್ದಳು. ಅದೇ ಕತೆ ಮೂರು ಸಲ ಯಾಕಿದೆ ಎಂದು ಕೇಳಿದಳು. ಭಾನುಪ್ರಿಯ ವಿವರಿಸಿದಳು: ಇದು ಕನ್ನಡ, ಇದು ತೆಲುಗು, ಇದು ತಮಿಳು.

ಅಂಬಿಕ ಫೋನನ್ನು ಪಕ್ಕಕ್ಕಿಟ್ಟು ಕೈಯಲ್ಲಿ ಹೇಳಿದಳು: "ಮುದುಕಿ ಅಷ್ಟು ಜನರ ಜೊತೆ ಮಾತಾಡ್ತಾಳೆ. ನನ್ನ ಜೊತೆ ಯಾಕಿಲ್ಲ?"

ಭಾನುಪ್ರಿಯ ಮಾರನೇ ದಿನ ಅಂಗಡಿಗೆ ಹೋದವಳೇ ಗೌರಜ್ಜಿಯ ಕೈಗಳನ್ನು ತೆಗೆದು ನೋಡಿದಳು. ಆ ಪ್ರೋಗ್ರಾಮಿನಲ್ಲಿ ಅಂಗೈ ಅಂದರೆ ಬರೀ ಚಿತ್ರಗಳು: ಬಿಚ್ಚಿದ ಕೈ, ಮುಷ್ಟಿ, ತೋರುಬೆರಳು, ಮುಗಿದ ಕೈ, ಅಷ್ಟೇ. ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು, ಬೆರಳು ಮಡಿಸಲಾಗದು. ಬೆರಳಿಗೂ ಕೀಲು ಹಾಕಬಹುದಾದ ಬೇರೊಂದು ಪ್ರೋಗ್ರಾಂ ಇತ್ತು. ಗೌರಜ್ಜಿಯನ್ನು ಅಲ್ಲಿಗೆ ಸಾಗಿಸಬೇಕು.

"ಯಾಕಮ್ಮಾ ಇಲ್ದಿರೋ ತಲೆನೋವು?" ಎಂದ ನಾಗರಾಜ. "ಓಡ್ತಿರೋ ಗಾಡಿ ಯಾಕೆ ಬಿಚ್ತೀಯ?"

"ಊಟದ ಟೈಮಲ್ಲಿ ಮಾಡ್ಕೋತೀನಣ್ಣ. ಅಂಗಡಿ ಕೆಲಸ ನಿಲ್ಲಿಸಲ್ಲ."

"ಕೊಂಡ ಗೊಂಬೇನ ಇನ್ನೊಂದು ಪ್ರೋಗ್ರಾಮಿಗೆ ಹಾಕಬೋದಾ? ಆಮೇಲೆ ಚಾನಲ್ ಮುಚ್ಚಿಸಿಬಿಟ್ಟಾರು."

ಮಾತು ನ್ಯಾಯವಾಗಿಯೇ ಇತ್ತು. ಗೊಂಬೆ ಮಾರಿದವರಿಗೆ ಭಾನುಪ್ರಿಯ ಬರೆದು ಕೇಳಿದಳು. ಗೊಂಬೆಯನ್ನೇ ಬೇರೆಯವರಿಗೆ ಮಾರಬೇಡಿ, ನಿಮ್ಮ ಕತೆಗೆ ಎಲ್ಲಿ ಬೇಕಾದರೂ ಬಳಸಿ, ತಿದ್ದಿಕೊಳ್ಳಿ ಎಂದು ಉತ್ತರ ಬಂತು. ನಾಗರಾಜ ಆಮೇಲೆ ತಡೆಯಲಿಲ್ಲ.

ಎರಡೂ ಪ್ರೋಗ್ರಾಮುಗಳು ಓದುತ್ತವೆ ಅನ್ನುವ ಫೈಲೊಂದನ್ನು ಮಾಡಿ, ಹೊಸದರಲ್ಲಿ ತೆರೆದಳು. ಗೌರಜ್ಜಿ ಬಂದಳು, ಆದರೆ ಬಂದ ರೀತಿ ನೋಡಿದರೆ ಭಯವಾಗಬೇಕು. ಕನ್ನಡಕ ತಲೆಯ ಹಿಂದೆ, ತುರುಬು ಮೂಗಿನ ಮೇಲೆ, ಸೆರಗು ಮಾಯ. ಕೀಲು ಒಂದೂ ಬಂದಿರಲಿಲ್ಲ. ತೋಳು ಎಳೆದರೆ ತೋಳೊಂದೇ ಕಿತ್ತು ಬರುತ್ತಿತ್ತು. ಹಳೇ ಪ್ರೋಗ್ರಾಂ ತನ್ನ ಕೀಲುಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡು ಬರೀ ಚಿತ್ರಗಳನ್ನು ಕಳಿಸಿತ್ತು. ಗಂಗರತ್ನಮ್ಮ ಹಿಂದಿನಿಂದ ಇಣುಕಿ, "ಅಯ್ಯೋ ಕಡವುಳೇ, ಆಕ್ಸಿಡೆಂಟಾ?" ಎಂದಳು.

ಭಾನುಪ್ರಿಯ ಅದನ್ನು ಅಳಿಸಿ ಮೊದಲಿಂದ ಶುರುಮಾಡಿದಳು. ಈ ಸಲ ಒಂದೊಂದು ತುಂಡನ್ನೂ ಬೇರೆ ಚಿತ್ರವಾಗಿ ಉಳಿಸಿ, ಹೆಸರು ಕೊಟ್ಟು, ಹೊಸ ಪ್ರೋಗ್ರಾಮಿನಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂದು ಜೋಡಿಸಿದಳು. ಭುಜಕ್ಕೆ, ಮೊಣಕೈಗೆ, ಮಣಿಕಟ್ಟಿಗೆ ತಾನೇ ಕೀಲು ಹಾಕಿದಳು. ಹಲವು ಮಧ್ಯಾಹ್ನ ಡಬ್ಬಿಯ ಮುದ್ದೆ ಆರಿ ಕಲ್ಲಾಯಿತು. ಕೊನೆಗೆ ಗೌರಜ್ಜಿ ಕೈಯೆತ್ತಿದಳು. ಅದನ್ನು ಫೋನಿಗೆ ಹಾಕಿಕೊಂಡು ಮನೆಗೆ ಓಡಿದಳು.

ಅಂಬಿಕ ನೋಡಿದಳು, ಕೊಟ್ಟಿಗೆಯ ಗೋಡೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಕೂತೇಬಿಟ್ಟಳು. ಗೌರಜ್ಜಿಯ ಹೆಬ್ಬೆರಳುಗಳು ಹೊರಗಡೆ ಇದ್ದವು. ಹಳೇ ಪ್ರೋಗ್ರಾಮಿನಲ್ಲಿ ಎಡಗೈ ಅಂದರೆ ನೋಡುವವರ ಎಡ, ಹೊಸದರಲ್ಲಿ ಗೊಂಬೆಯ ಎಡ. ಎರಡು ಕೈಗಳೂ ಅದಲುಬದಲಾಗಿದ್ದವು.

ನಗು ನಿಂತ ಮೇಲೆ ಅಂಬಿಕ ಇನ್ನೊಮ್ಮೆ ನೋಡಿದಳು. ಈ ಸಲ ನಗಲಿಲ್ಲ. ತನ್ನ ಕಿರುಬೆರಳು ಎತ್ತಿ ಹಿಡಿದು, "ಇದೆಲ್ಲಿ?" ಎಂದು ಕೇಳಿದಳು.

ಭಾನುಪ್ರಿಯ ಎಣಿಸಿದಳು. ಹೆಬ್ಬೆರಳು ಬಿಟ್ಟರೆ ಮೂರೇ. ಕಾರ್ಟೂನ್ ಗೊಂಬೆಗಳಿಗೆ ಬಹುಪಾಲು ನಾಲ್ಕೇ ಬೆರಳು, ಬರೆಯುವುದಕ್ಕೆ ಸುಲಭ ಅಂತ. ಇಷ್ಟು ವರ್ಷ ದಿನವೂ ನೋಡುತ್ತಿದ್ದ ಕೈಯನ್ನು ಅವಳು ಒಮ್ಮೆಯೂ ಎಣಿಸಿರಲಿಲ್ಲ. ಮಾತಾಡುವ ಅಜ್ಜಿಗೆ ನಾಲ್ಕು ಬೆರಳು ಸಾಕು. ಕೈಯಲ್ಲಿ ಮಾತಾಡುವವಳಿಗೆ ಒಂದು ಬೆರಳಿಲ್ಲ ಅಂದರೆ ಅರ್ಧ ಮಾತೇ ಇಲ್ಲ.

ಐದು ಬೆರಳಿನ ರೆಡಿಮೇಡ್ ಕೈ ಹುಡುಕಿದಳು. ಸಿಕ್ಕವೆಲ್ಲ ಎಳೆ ಹುಡುಗಿಯರ ಕೈ. ಗೌರಜ್ಜಿಗೆ ಅಂಟಿಸಿದರೆ ಬಾಡಿಗೆಗೆ ತಂದಂತೆ ಕಾಣುತ್ತಿತ್ತು. ಬೇರೆ ದಾರಿ ಇಲ್ಲದೆ ಅಂಬಿಕಳ ಕೈಗಳನ್ನು ಬೆಳಕಿನಲ್ಲಿ ಹಿಡಿಸಿ, ಎಲ್ಲಾ ಕಡೆಯಿಂದ ಫೋಟೋ ತೆಗೆದು, ಅವುಗಳ ಮೇಲೆಯೇ ಗೆರೆ ಎಳೆಯುತ್ತಾ ಕೂತಳು. ಹಾಲು ಕರೆದು ದಪ್ಪವಾದ ಗೆಣ್ಣು, ಕುಡುಗೋಲು ತಾಗಿದ ಗಾಯದ ಗುರುತು, ಮೊಂಡು ಉಗುರು. ಭಾನುಪ್ರಿಯ ಜೀವನದಲ್ಲಿ ಬರೆದ ಮೊದಲ ಚಿತ್ರ ಅದು. ಮುದುಕಿಯ ಮೈಗೆ ಆ ಕೈ ಹೊಂದಿತು.

ಸನ್ನೆಗಳನ್ನು ಅಂಬಿಕ ಮಾಡಿ ತೋರಿಸುತ್ತಿದ್ದಳು, ಭಾನುಪ್ರಿಯ ವಿಡಿಯೋ ತೆಗೆದು ಗೌರಜ್ಜಿಯ ಬೆರಳುಗಳನ್ನು ಅದರಂತೆ ಮಡಿಸುತ್ತಿದ್ದಳು. ಜಗಳವೂ ಆಯಿತು. ಕನ್ನಡ ಹೇಳುವ ಕ್ರಮದಲ್ಲೇ ಕೈ ಹೋಗಲಿ ಎಂದು ಭಾನುಪ್ರಿಯ. ಕೈಮಾತಿಗೆ ಅದರದೇ ಕ್ರಮ ಇದೆ, ನಿನ್ನ ಕನ್ನಡ ಕಾಯಲಿ ಎಂದು ಅಂಬಿಕ. ಹುಬ್ಬು ಏರದಿದ್ದರೆ ಪ್ರಶ್ನೆ ಪ್ರಶ್ನೆಯಾಗದು ಎಂದು ಒಂದಿಡೀ ಕತೆಯನ್ನು ವಾಪಸ್ ಕಳಿಸಿದಳು. ಸಾಗಿಸುವಾಗ ಹುಬ್ಬು ಮುಖದ ಚಿತ್ರಕ್ಕೇ ಅಂಟಿಹೋಗಿತ್ತು. ಅದನ್ನೂ ಕತ್ತರಿಸಿ ಬೇರೆ ಮಾಡಬೇಕಾಯಿತು.

ಕಳೆದುಹೋದ ಕರುವಿನ ಕತೆ ಮೊದಲು ಹೊರಬಂತು. ಹೆಚ್ಚು ಜನ ನೋಡಲಿಲ್ಲ. ನಾಗರಾಜ ತಲೆ ಕೆರೆದುಕೊಂಡ. ಆದರೆ ಆ ಕತೆಯನ್ನು ದಿನವೂ ನೋಡಿದವಳು ಒಬ್ಬಳಿದ್ದಳು. ದೊಡ್ಡಮುನಿಯಮ್ಮ ಅವರೇಕಾಯಿ ಬಿಡಿಸುತ್ತಾ ಫೋನನ್ನು ಚೊಂಬಿಗೆ ಒರಗಿಸಿಕೊಳ್ಳುತ್ತಿದ್ದಳು. ಅಜ್ಜಿ ಬಾಯಲ್ಲೂ ಹೇಳುತ್ತಾಳೆ, ಕೈಯಲ್ಲೂ ಹೇಳುತ್ತಾಳೆ. "ಕಳ್ದೋಯ್ತು ಅನ್ನೋಕೆ ಇಂಗಾ ಮಾಡೋದು?" ಎಂದು ಸೊಸೆಯನ್ನು ಕೇಳುತ್ತಿದ್ದಳು. ಮಗಳನ್ನು ಕೇಳಲು ಯಾಕೋ ಅವಳಿಗೆ ನಾಚಿಕೆ.

ಎರಡನೇ ಕತೆಗೆ ಭಾನುಪ್ರಿಯ ಒಬ್ಬ ಹುಡುಗನನ್ನು ತಂದಳು. ಅವನು ಪರೀಕ್ಷೆಯಲ್ಲಿ ಫೇಲಾಗುತ್ತಾನೆ, ಗೌರಜ್ಜಿ ಸಮಾಧಾನ ಹೇಳುತ್ತಾಳೆ. ಅಂಬಿಕ ಅರ್ಧ ಮಾಡಿ ತೋರಿಸಿದಳು. ಆಮೇಲೆ ಕೈ ಕೆಳಗಿಳಿಸಿ, "ಇದು ಬೇಡ" ಎಂದಳು. ಭಾನುಪ್ರಿಯ ಒತ್ತಾಯ ಮಾಡಿದಾಗ ಎದ್ದು ಕೊಟ್ಟಿಗೆಗೆ ಹೋದಳು.

ದೊಡ್ಡಮುನಿಯಮ್ಮ ನೋಡುತ್ತಿದ್ದಳು. ಮಗಳ ಹಿಂದೆಯೇ ಹೋಗಿ, ಭುಜ ತಟ್ಟಿ ತಿರುಗಿಸಿ, ಗೌರಜ್ಜಿ ಕೇಳುವ ಹಾಗೆಯೇ ಕೈ ಮಾಡಿ, ಹುಬ್ಬು ಏರಿಸಿ ಕೇಳಿದಳು: "ಯಾಕೆ?"

ಅಮ್ಮ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಅಂಬಿಕ ಹೇಳತೊಡಗಿದಳು. ಆಮೇಲೆ ಅವಳ ಕೈ ನಿಲ್ಲಲೇ ಇಲ್ಲ. ದೊಡ್ಡಮುನಿಯಮ್ಮನಿಗೆ ಒಂದೂ ತಿಳಿಯದೆ, "ಭಾನೂ, ಬಾರಮ್ಮೀ, ಏನಂತಾಳೆ ಯೋಳು" ಎಂದು ಕೂಗಿದಳು.

ಭಾನುಪ್ರಿಯ ಬಂದು ನಿಂತು ಒಂದೊಂದನ್ನೇ ಬಾಯಲ್ಲಿ ಹೇಳಿದಳು: "ಏಳನೇ ಕ್ಲಾಸ್ ಪರೀಕ್ಷೆ ಬರೆದಿದ್ದೆ ಅಂತಾಳೆ. ಚಿಕ್ಕಪ್ಪ ಬಂದು ಪೆಟ್ಟಿಗೆ ಎತ್ಕೊಂಡು ಬಸ್ ಹತ್ತಿಸಿದ್ರಂತೆ. ಮನೆಗೆ ಬಂದು ನೋಡಿದ್ರೆ ಅಪ್ಪ ತೀರ್ಕೊಂಡಿದ್ರಂತೆ. ಅದು ಗೊತ್ತಾಯ್ತು. ಆದ್ರೆ ಆಮೇಲೆ ಯಾಕೆ ಶಾಲೆಗೆ ಕಳಿಸಲಿಲ್ಲ ಅಂತ ಗೊತ್ತಾಗ್ಲಿಲ್ಲ. ಫೇಲಾಗಿದೀನಿ, ಅದಕ್ಕೇ ಅಂದ್ಕೊಂಡ್ಳಂತೆ. ಇವತ್ತಿಗೂ ಅಂಗೇ ಅಂದ್ಕೊಂಡವ್ಳೆ, ಅತ್ತೆ."

ದೊಡ್ಡಮುನಿಯಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. "ಫೇಲಾ? ಯಾರಂದ್ರು? ಪಾಸು ಕಣಮ್ಮೀ! ನಿಮ್ ಮೇಷ್ಟ್ರು ಊರಿಗೇ ಬಂದು ಕೇಳಿದ್ರು, ಕಳಿಸಿ ಅಂತ. ಹಸ ನೋಡ್ಕಣಾಕೆ ಕೈ ಇರ್ಲಿಲ್ಲ. ಎಂಗೆ ಯೋಳ್ಲಿ ನಿಂಗೆ ಆವತ್ತು?"

ಭಾನುಪ್ರಿಯ ಅದನ್ನು ಕೈಯಲ್ಲಿ ಹೇಳಿದಳು. "ಪಾಸು" ಎಂಬುದನ್ನು ಅಂಬಿಕ ಇನ್ನೊಂದು ಸಲ ಹೇಳಿಸಿದಳು. ಅಮ್ಮನ ಕಡೆ ತಿರುಗಿ, ನೀನು ಹೇಳು ಅನ್ನುವ ಹಾಗೆ ಗಲ್ಲ ಎತ್ತಿದಳು. ದೊಡ್ಡಮುನಿಯಮ್ಮ ಸೊಸೆಯ ಕೈ ನೋಡಿಕೊಂಡು ಮಾಡಿದಳು, ತಪ್ಪಾಗಿ ಮಾಡಿದಳು. ಅಂಬಿಕ ಅವಳ ಬೆರಳು ಹಿಡಿದು ಸರಿಯಾಗಿ ಮಡಿಸಿದಳು.

ಅದರಿಂದ ಮನೆಯಲ್ಲಿ ಎಲ್ಲಾ ಸರಿಹೋಯಿತು ಎಂದಲ್ಲ. ಒಂದು ವಾರ ಅಂಬಿಕ ಅಮ್ಮನ ಮುಖ ನೋಡಲಿಲ್ಲ. ತಿಳಿದದ್ದಕ್ಕೆ ಸಮಾಧಾನವೂ ಇತ್ತು, ಅಷ್ಟು ವರ್ಷ ಸುಮ್ಮನೆ ನಾಚಿಕೊಂಡು ಬದುಕಿದ್ದಕ್ಕೆ ಸಿಟ್ಟೂ ಇತ್ತು. ಹಾಲನ್ನು ಡೈರಿಗೆ ಹಾಕಿ ಬಂದು, ಹೊದ್ದು ಮಲಗುತ್ತಿದ್ದಳು. ದೊಡ್ಡಮುನಿಯಮ್ಮನೂ ಒತ್ತಾಯ ಮಾಡಲಿಲ್ಲ. ಕೊಟ್ಟಿಗೆ ಕೆಲಸದಲ್ಲಿ ಅರ್ಧ ತಾನೇ ಎತ್ತಿಕೊಂಡಳು.

ಆಮೇಲೊಂದು ಬೆಳಿಗ್ಗೆ ಅಂಬಿಕ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಭಾನುಪ್ರಿಯಳ ಜೊತೆ ಬಂಗಾರಪೇಟೆ ಬಸ್ ಹತ್ತಿದಳು. ಫೇಲಾದ ಹುಡುಗನ ಕತೆಯನ್ನು ಪೂರ್ತಿ ಮಾಡೋಣ, ಆದರೆ ಅಜ್ಜಿ ಏನು ಹೇಳಬೇಕೆಂದು ನಾನು ಹೇಳುತ್ತೇನೆ ಎಂದಳು. ಈಗ ವಾರದಲ್ಲಿ ಕೆಲವು ದಿನ ಅಂಗಡಿಯ ಮಹಡಿಯಲ್ಲಿ ಇಬ್ಬರೂ ಕೂರುತ್ತಾರೆ. ಸದ್ಯ ಒಂದು ಮೇಕೆ ಗೊಂಬೆಯನ್ನು ಹೊಸ ಪ್ರೋಗ್ರಾಮಿಗೆ ಸಾಗಿಸುವ ಕೆಲಸ ನಡೆದಿದೆ. ಕೊಂಬು ಕತ್ತಿನೊಳಗೆ ಸಿಕ್ಕಿಕೊಂಡಿದೆ, ಇನ್ನೂ ಬಿಡಿಸಲಾಗಿಲ್ಲ.