ದಾಕ್ಷಾಯಣಮ್ಮನವರ ಇಂಗ್ಲಿಷ್ ನೆಂಟರು

ತೊಂಬತ್ತರ ದಶಕದ ಸರಸ್ವತಿಪುರಂನಲ್ಲಿ ಬೀದಿಗೊಂದು ಟ್ಯುಟೋರಿಯಲ್ ಇತ್ತು. ಬೋರ್ಡೇ ಇಲ್ಲದೆ ನಡೆಯುತ್ತಿದ್ದದ್ದು ದಾಕ್ಷಾಯಣಮ್ಮನವರದೊಂದೇ. ಹಣೆಗೆ ವಿಭೂತಿ ಇಟ್ಟು ಮುಂಗೋಣೆಯ ಮಣೆಯ ಮೇಲೆ ಅವರು ಕೂತರೆಂದರೆ, ಇಂಗ್ಲಿಷ್ ಎಂದರೆ ಬೆವರುವ ಹುಡುಗಿಯರೂ ಜಮಖಾನದ ಮೇಲೆ ಆರಾಮಾಗಿ ಕೂತು ಬಾಯಿ ಬಿಡುತ್ತಿದ್ದರು.

"ಪದಕ್ಕೂ ನೆಂಟರಿಷ್ಟರು ಇರ್ತಾರೆ ಕಣ್ರಮ್ಮ. ಒಬ್ಬಳನ್ನೇ ಕರೆದ್ರೆ ಮುನಿಸ್ಕೋತಾಳೆ. ಮನೆಯವರನ್ನೆಲ್ಲ ಕರೀಬೇಕು" ಎನ್ನುತ್ತಿದ್ದರು.

ಹಾಗಾಗಿ ಅಡುಗೆಯ ಪದಗಳದೊಂದು ಮನೆ, ಬ್ಯಾಂಕಿನ ಪದಗಳದೊಂದು ಮನೆ. ಗಾಯದ ಮನೆಗೆ 'ವೌಂಡ್' ಯಜಮಾನಿ. ಕೀವು ಎಂಬ 'ಪಸ್' ಅವಳ ಹಾಳುಬಿದ್ದ ಮಗ. ಅತ್ತೆಗೆ ಧೂಳು ತಾಗದಂತೆ ಮುಚ್ಚಿಡುವ ಸೊಸೆ ಬ್ಯಾಂಡೇಜು. ಹೊಲಿಗೆ ಹಾಕುವ 'ಸುಟ್ಯೂರ್' ಎರಡೂ ಕಡೆಯವರನ್ನು ಕೂಡಿಸುವ ಬೀಗಿತ್ತಿ. ಎಲ್ಲರೂ ಹೋದ ಮೇಲೂ ಮನೆ ಬಿಡದ ಮುದುಕ 'ಸ್ಕಾರ್', ಅಂದರೆ ಕಲೆ. ಒಮ್ಮೆ ಕೇಳಿದವರು ಅರ್ಥವನ್ನು ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಅರ್ಥವೇನೋ ಅಪರಂಜಿ, ಉಚ್ಚಾರಣೆ ಮಾತ್ರ ಅವರ ಸ್ವಂತದ್ದು. ಕೊಬ್ಬರಿ ವ್ಯಾಪಾರದ ಅಪ್ಪ ಶಿವರುದ್ರಪ್ಪನವರು ಮಗಳನ್ನು ಹೈಸ್ಕೂಲಿಗೇ ಬಿಡಿಸಿ ಮದುವೆ ಮಾಡಿದ್ದರು. ಆಕೆ ಒಲೆಯ ಪಕ್ಕ ಡಿಕ್ಷನರಿ ಇಟ್ಟುಕೊಂಡು, ಅಂಚೆಯಲ್ಲಿ ಬಂದ ಪಾಠ ಓದಿ ಬಿ.ಎ. ಮುಗಿಸಿದವರು. ಇಂಗ್ಲಿಷನ್ನು ಕಣ್ಣಿನಿಂದ ಕಲಿತರೇ ಹೊರತು ಕಿವಿಯಿಂದಲ್ಲ. ಅಷ್ಟು ಮಾಡಿದ್ದೇನು ಸಾಮಾನ್ಯವೇ?

ಹೂಟಗಳ್ಳಿಯ ಸೌಮ್ಯ ಇವರ ಹತ್ತಿರ ಪದ ಕಲಿತು, ತೊಂಬತ್ತೆಂಟರಲ್ಲಿ ನರ್ಸಿಂಗ್ ತರಬೇತಿಗೆ ಸೇರಿದಳು. ವಾರ್ಡಿನಲ್ಲಿ ಡಾಕ್ಟರ ಮುಂದೆ 'ವೌಂಡ್' ಅಂದಳು, 'ಸುಟ್ಯೂರ್' ಅಂದಳು. ಜೊತೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವಳ ಬಾಯಿಗೆ ಬೀಗ ಬಿತ್ತು. ರೋಗಿಯ ಸ್ಥಿತಿಯನ್ನು ಬಾಯಿ ಬಿಟ್ಟು ಹೇಳದ ನರ್ಸು ಯಾರಿಗೆ ಬೇಕು? ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ಸೌಮ್ಯ ಎಲ್ಲ ಬಿಟ್ಟು ಮನೆಯಲ್ಲಿ ಕೂತಳು.

ಸುದ್ದಿ ತಿಳಿದ ದಾಕ್ಷಾಯಣಮ್ಮ ಸಿಟಿ ಬಸ್ಸು ಹತ್ತಿ ಹೂಟಗಳ್ಳಿಗೆ ಬಂದರು.

"ನೀವೇ ಬುದ್ಧಿ ಯೋಳಿ ಅಮ್ಮಾವ್ರೆ. ಕಾರ್ಖಾನೆ ಕೆಲ್ಸಕ್ಕೋಯ್ತೀನಿ ಅಂತ ಕುಂತವ್ಳೆ" ಎಂದು ತಾಯಿ ಪುಟ್ಟಲಿಂಗಮ್ಮ ಕಣ್ಣೊರೆಸಿಕೊಂಡಳು.

ಸೌಮ್ಯ ಗೋಡೆ ನೋಡುತ್ತ ಹೇಳಿದಳು. "ನೀವು ಹೇಳ್ಕೊಟ್ಟಂಗೇ ಹೇಳ್ದೆ ಮೇಡಂ. ಎಲ್ರೂ ನಕ್ಬುಟ್ರು."

ದಾಕ್ಷಾಯಣಮ್ಮನವರ ಮುಖ ಕಪ್ಪಿಟ್ಟಿತು. ಬೇರೆಯವರಾಗಿದ್ದರೆ ಆ ಹುಡುಗಿಯರಿಗೆ ನಾಲ್ಕು ಬೈದು ಎದ್ದು ಹೋಗುತ್ತಿದ್ದರು. ಇವರು, "ಅಲ್ಲಿಯವರು ಹೇಗಂತಾರೆ, ಹೇಳು" ಎಂದರು.

"ವೂಂಡ್... ಸೂಚರ್" ಎಂದಳು ಸೌಮ್ಯ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

"ನಾಳೆಯಿಂದ ನೀನು ಬಂದು ನನಗೆ ಪಾಠ ಹೇಳು. ತಪ್ಪು ಹೇಳ್ಕೊಟ್ಟವಳು ನಾನು, ತಿದ್ದಿಕೊಳ್ಳೋಳೂ ನಾನೇ ಆಗ್ಬೇಕಲ್ಲ."

ಮಾರನೆಯ ದಿನ ಸೌಮ್ಯಳನ್ನು ತಮ್ಮ ಮಣೆಯ ಮೇಲೆ ಕೂರಿಸಿ, ತಾವು ಹುಡುಗಿಯರ ನಡುವೆ ಜಮಖಾನದ ಮೇಲೆ ಕೂತರು. ತಾವು ತಪ್ಪು ಕಲಿಸಿದ್ದಾಗಿ ಎಲ್ಲರೆದುರೇ ಹೇಳಿದರು. ಮಾತು ಬೀದಿಯೆಲ್ಲ ಹರಡಿತು. ಕೆಲವು ತಾಯಂದಿರು ಹೆಣ್ಣುಮಕ್ಕಳನ್ನು ಬಿಡಿಸಿ, ಹೊಸದಾಗಿ ಬಂದಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದರು.

ಮೊದಲ ದಿನ ಸೌಮ್ಯಳ ದನಿ ಎದುರಿಗೆ ಕೂತವರಿಗೂ ಕೇಳಲಿಲ್ಲ. ಆದರೆ ಅವಳಿಗೆ ಸಿಕ್ಕ ಶಿಷ್ಯೆ ಶುದ್ಧ ದಡ್ಡಿ. ಉಳಿದ ಹುಡುಗಿಯರಿಗೆಲ್ಲ ಬಂದ ಪದ ಮೇಡಂ ಬಾಯಲ್ಲಿ ಮಾತ್ರ ತಿರುಗಿ ಹಳೆಯದೇ ಆಗುತ್ತಿತ್ತು. ಸೌಮ್ಯ ಮತ್ತೆ ಹೇಳಿದಳು, ಇನ್ನೂ ಜೋರಾಗಿ ಹೇಳಿದಳು. ಕಡೆಗೊಂದು ಸಂಜೆ ರೇಗಿಯೇ ಬಿಟ್ಟಳು.

"ಬಾಯಿ ದುಂಡಗೆ ಮಾಡಿ ಮೇಡಂ. ಎಷ್ಟ್ ಸಲ ಹೇಳ್ಲಿ ನಿಮ್ಗೆ? ವೂಂಡ್."

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ದಾಕ್ಷಾಯಣಮ್ಮ ತಲೆ ತಗ್ಗಿಸಿ "ವೌಂಡ್" ಎಂದರು. ಹುಡುಗಿಯರ ಜೊತೆ ಸೌಮ್ಯಳೂ ನಕ್ಕಳು. ಅದಾದ ಮೇಲೆ ವಾರ್ಡಿಗೆ ಹೋಗಲು ಅವಳಿಗೆ ಭಯವಾಗಲಿಲ್ಲ. ಪರೀಕ್ಷೆಯಲ್ಲಿ ಗಾಯದ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಗಟ್ಟಿಯಾಗಿ ಹೇಳಿ ಪಾಸಾದಳು.

ಹಣ್ಣು ಹೂವು ಹಿಡಿದು ಮೇಡಂ ಮನೆಗೆ ಬಂದಾಗ ಒಳಗೆ ಪಾಠ ನಡೆಯುತ್ತಿತ್ತು. "ವೂಂಡ್" ಎಂದು ದಾಕ್ಷಾಯಣಮ್ಮ ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. "ಸೂಚರ್" ಎಂದರು. ಒಂದಿಷ್ಟೂ ತೊಡಕಿಲ್ಲ. ಸೌಮ್ಯ ಮೆಟ್ಟಿಲ ಮೇಲೇ ನಿಂತಳು.

"ಅಂತೂ ಮೇಡಂಗೆ ಬಂದ್ಬುಡ್ತು" ಎಂದಳು, ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳಮ್ಮನಿಗೆ.

"ಈಗೆಲ್ಲಿ ಬಂತು? ನಿಮ್ಮನೆಗೆ ಹೋಗ್ಬಂದ ಸಂಜೇನೇ ಹಿತ್ಲಲ್ಲಿ ಪಾತ್ರೆ ತೊಳೀತಾ 'ವೂಂಡ್, ಸೂಚರ್' ಅಂತ ಹೀಗೇ ಅಂತಿದ್ರು ಕಣಮ್ಮ" ಎಂದಳು ಮಂಜುಳಮ್ಮ.

ಸೌಮ್ಯಳಿಗೆ ಅಳು ತಡೆಯಲಾಗಲಿಲ್ಲ. ಅಷ್ಟು ಹುಡುಗಿಯರ ಮುಂದೆ ತಾನು ಗದರಿದ್ದು, ಅವರು ತಲೆ ತಗ್ಗಿಸಿ ಬೈಸಿಕೊಂಡದ್ದು ನೆನಪಾಗಿ ನಾಚಿಕೆಯೂ ಆಯಿತು. ಒಳಗೆ ಹೋಗಿ ಕಾಲಿಗೆ ಬಿದ್ದಳು.

"ಅವತ್ತೇ ಬಂದಿತ್ತಂತಲ್ಲ ಮೇಡಂ. ಯಾಕೆ ಹಂಗ್ಮಾಡಿದ್ರಿ?"

ದಾಕ್ಷಾಯಣಮ್ಮ ಅವಳ ತಲೆ ಸವರಿದರು.

"ನನಗೆ ಪದ ಬಂದಿತ್ತು ಕಣಮ್ಮ. ನಿನಗೆ ದನಿ ಬಂದಿರಲಿಲ್ಲ."